ಮಾದರಿ ಹೇಳಿದ್ದು 255, ಜ್ವರ ಬಂದದ್ದು 41: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಾಲ್ಕು ವಿಂಗ್, 84 ಮನೆ, ಒಟ್ಟು 320 ಜನ. ನಾನು ಕಮಿಟಿಯ ಕಾರ್ಯದರ್ಶಿ. ಜುಲೈ ಮೊದಲ ವಾರ ಎ ವಿಂಗಿನಲ್ಲಿ ಜ್ವರ ಶುರುವಾಯಿತು. ಇಬ್ಬರ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದೇ ಬಂತು. ಪುಣೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವ ಮಗಳು ಪೈಥಾನ್‌ನಲ್ಲಿ ಸೋಂಕು ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ‘ಎಸ್‌ಐಆರ್’ ಎಂಬ ಮಾದರಿ ಬರೆದು, ಏನೂ ಮಾಡದಿದ್ದರೆ 255 ಜನಕ್ಕೆ ಬರುತ್ತದೆ ಅಂದಳು. ನಾನು ಅದನ್ನು ಸೊಸೈಟಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಟ್ಟೆ. ಐದು ವಾರದಲ್ಲಿ ಜ್ವರ ಬಂದದ್ದು 41 ಜನಕ್ಕೆ: ಎ ವಿಂಗಿನಲ್ಲಿ 29, ಸಿ ವಿಂಗಿನಲ್ಲಿ 12. ಬಿ, ಡಿ ವಿಂಗಿನಲ್ಲಿ ಒಬ್ಬರಿಗೂ ಇಲ್ಲ. ಈಗ ಕಮಿಟಿಯಲ್ಲಿ ಕೆಲವರು ‘ಇದೆಲ್ಲ ಕಂಪ್ಯೂಟರ್ ಜ್ಯೋತಿಷ್ಯ’ ಅನ್ನುತ್ತಿದ್ದಾರೆ, ಕೆಲವರು ‘ಬರುವಷ್ಟು ಬಂತು, ಇನ್ನು ಎಲ್ಲರಿಗೂ ಶಕ್ತಿ ಬಂದಿದೆ’ ಅನ್ನುತ್ತಿದ್ದಾರೆ. ಮಗಳು ಬೇಸರ ಮಾಡಿಕೊಂಡಿದ್ದಾಳೆ. ಹಾಲ್‌ನಲ್ಲಿ ಐದು ದಿನದ ಗಣಪತಿ ಕಾರ್ಯಕ್ರಮ ಹತ್ತಿರ ಬಂದಿದೆ. ಮಾದರಿ ಸುಳ್ಳೇ? ಹಬ್ಬದ ತೀರ್ಮಾನಕ್ಕೆ ಅದನ್ನು ನಂಬಬಹುದೇ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಲೆಕ್ಕ ಸುಳ್ಳಾಯಿತೇ ಎಂಬುದು ಒಂದು, ಸುಳ್ಳಾದ ಲೆಕ್ಕ ಮುಂದೆ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲು ನಿಮ್ಮ ಮಗಳಿಗೆ ಒಂದು ಮಾತು ತಿಳಿಸಿ: ಅವಳ ಗಣಿತದಲ್ಲಿ ತಪ್ಪಿಲ್ಲ. ಒಬ್ಬ ರೋಗಿ ಸರಾಸರಿ ಇಬ್ಬರಿಗೆ ಹರಡುತ್ತಾನೆ, 320 ಜನರಲ್ಲಿ ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲ, ಎಲ್ಲರೂ ಎಲ್ಲರೊಡನೆ ಸಮಾನವಾಗಿ ಬೆರೆಯುತ್ತಾರೆ ಎಂದುಕೊಂಡರೆ ಕೊನೆಗೆ ಶೇ. 80ರಷ್ಟು ಜನಕ್ಕೆ ಸೋಂಕು ತಗಲುತ್ತದೆ. ಅದೇ ಆ 255. ತಪ್ಪಿರುವುದು ‘ಎಂದುಕೊಂಡರೆ’ಯ ಹಿಂದೆ ಇರುವ ಊಹೆಗಳಲ್ಲಿ. ನೀವು ಗ್ರೂಪಿಗೆ ಹಾಕುವಾಗ ಆ ಊಹೆಗಳು ಬಿಟ್ಟುಹೋಗಿ ಸಂಖ್ಯೆ ಒಂದೇ ಉಳಿಯಿತು.

ಎಸ್‌ಐಆರ್ ಅಂದರೆ ಜನರನ್ನು ಮೂರು ಗುಂಪು ಮಾಡುವುದು: ಸೋಂಕು ಇನ್ನೂ ತಗಲದವರು, ಈಗ ಹರಡುತ್ತಿರುವವರು, ಗುಣವಾದವರು. ಇದಕ್ಕೆ ಪೈಥಾನ್ ಕೂಡ ಬೇಡ, ಎಕ್ಸೆಲ್‌ನ ಮೂರು ಕಾಲಂ ಸಾಕು. ದಿನದ ಹೊಸ ಸೋಂಕು = ಬೀಟಾ × ತಗಲದವರು × ಹರಡುತ್ತಿರುವವರು ÷ ಒಟ್ಟು ಜನ. ದಿನದ ಗುಣವಾದವರು = ಗಾಮಾ × ಹರಡುತ್ತಿರುವವರು. ಬೀಟಾ ಎಂದರೆ ಒಬ್ಬ ರೋಗಿ ದಿನಕ್ಕೆ ಸರಾಸರಿ ಎಷ್ಟು ಜನಕ್ಕೆ ಹರಡಬಲ್ಲ ಎಂಬುದು, ಗಾಮಾ ಎಂದರೆ ಹರಡುತ್ತಿರುವವರಲ್ಲಿ ದಿನಕ್ಕೆ ಎಷ್ಟು ಪಾಲು ಗುಣವಾಗುತ್ತಾರೆ ಎಂಬುದು. ಫ್ಲೂ ಬಂದವರು ಸುಮಾರು ನಾಲ್ಕು ದಿನ ಅದನ್ನು ಹರಡುತ್ತಾರೆ ಎಂದು ಇಟ್ಟುಕೊಂಡರೆ ಗಾಮಾ 0.25. ಬೀಟಾವನ್ನು ಗಾಮಾದಿಂದ ಭಾಗಿಸಿದರೆ ಬರುವುದೇ ಎಲ್ಲರ ಬಾಯಲ್ಲಿರುವ ‘ಆರ್ ನಾಟ್’, ಚಿಕ್ಕದಾಗಿ ಆರ್: ಒಬ್ಬ ರೋಗಿ ಒಟ್ಟು ಸರಾಸರಿ ಎಷ್ಟು ಜನಕ್ಕೆ ಹರಡುತ್ತಾನೆ ಎಂಬ ಅಂಕಿ.

ಈ ಆರ್ ನಾಟ್ ಆಯಾ ರೋಗದ್ದು, ಎಲ್ಲದಕ್ಕೂ ಒಂದೇ ಅಲ್ಲ. ದಡಾರದ್ದು 12ರಿಂದ 18. ಕೋವಿಡ್‌ನ ಮೊದಲ ತಳಿಯದು ಎರಡು, ಮೂರರ ನಡುವೆ. ಪ್ರತಿವರ್ಷ ಬರುವ ಫ್ಲೂನದು ಸುಮಾರು 1.3, 2009ರ ಹಂದಿಜ್ವರದ್ದು 1.5ರ ಹತ್ತಿರ. ಮಗಳು ಹಾಕಿದ 2 ಬಹುಶಃ ಕೋವಿಡ್‌ನ ಉದಾಹರಣೆಯಿಂದ ಬಂದದ್ದು. ಅದೇ ಹಾಳೆಯಲ್ಲಿ 1.5 ಹಾಕಿದರೆ 255 ಇಳಿದು 186 ಆಗುತ್ತದೆ, 1.3 ಹಾಕಿದರೆ 135. ಒಂದು ಅಂಕಿ ಬದಲಾಯಿಸಿದ್ದಕ್ಕೆ 120 ಜನ ಕಡಿಮೆಯಾದರು. ಯಾವುದೇ ಮಾದರಿಯನ್ನು ನೋಡಿದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಈ ಅಂಕಿ ಸ್ವಲ್ಪ ಅಲುಗಿದರೆ ಉತ್ತರ ಎಷ್ಟು ಅಲುಗುತ್ತದೆ?

ಎರಡನೆಯ ಊಹೆ, ಯಾರಿಗೂ ನಿರೋಧಕ ಶಕ್ತಿ ಇಲ್ಲ ಎಂಬುದು. 2020ರ ಕೊರೊನಾ ವೈರಸ್‌ಗೆ ಅದು ಸರಿಯಾಗಿತ್ತು. ಫ್ಲೂ ಹಾಗಲ್ಲ. ಹಿಂದಿನ ಮಳೆಗಾಲಗಳಲ್ಲಿ ಅದೇ ಬಳಗದ ವೈರಸ್ ತಗಲಿದವರು, ಲಸಿಕೆ ಹಾಕಿಸಿಕೊಂಡವರು ನಿಮ್ಮಲ್ಲೂ ಇದ್ದಾರೆ. ಮೂರರಲ್ಲಿ ಒಂದು ಪಾಲು ಜನಕ್ಕೆ ರಕ್ಷಣೆ ಇದ್ದರೆ 1.5 ಎಂಬುದು 1ಕ್ಕೆ ಇಳಿಯುತ್ತದೆ. ಒಂದಕ್ಕಿಂತ ಕೆಳಗೆ ಬಂದರೆ ಸರಪಳಿ ತಾನಾಗಿಯೇ ತುಂಡಾಗುತ್ತದೆ. ನಿಮ್ಮ ಸೊಸೈಟಿಯಲ್ಲಿ ಆ ಪಾಲು ಎಷ್ಟೆಂದು ಹೊರಗಿನಿಂದ ನೋಡಿ ತಿಳಿಯುವುದಿಲ್ಲ. ಇದೇ ಮಾದರಿಗಳ ದೊಡ್ಡ ಸಂಕಟ. ಏರುಗತಿಯ ಮೊದಲ ಹತ್ತು ದಿನದ ಲೆಕ್ಕದಿಂದ ಕಾಯಿಲೆ ಎಷ್ಟು ದಿನಕ್ಕೆ ಇಮ್ಮಡಿಯಾಗುತ್ತದೆ ಎಂಬುದು ಗೊತ್ತಾಗುತ್ತದೆ (ಮೇಲಿನ 1.5ಕ್ಕೆ ಸುಮಾರು ಐದೂವರೆ ದಿನ). ಶಿಖರ ಎಲ್ಲಿ ಎಂಬುದು ಗೊತ್ತಾಗುವುದಿಲ್ಲ, ಏಕೆಂದರೆ ಶಿಖರವನ್ನು ನಿರ್ಧರಿಸುವುದು ಇನ್ನೂ ಎಷ್ಟು ಜನ ಸೋಂಕಿಗೆ ಉಳಿದಿದ್ದಾರೆ ಎಂಬುದು.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಮಗಳ ಹಾಳೆಯಲ್ಲಿ 1.5 ಹಾಕಿ ಮೊದಲ ದಿನದ ಸಾಲು ನೋಡಿ. ಬೀಟಾ 0.375, ತಗಲದವರು 319, ಹರಡುವವರು 1, ಒಟ್ಟು 320. ಹೊಸ ಸೋಂಕು: 0.374. ಮುಕ್ಕಾಲಿಗೂ ಕಡಿಮೆ, ಅರ್ಧಕ್ಕೂ ಕಡಿಮೆ ಮನುಷ್ಯ! ಹಾಳೆ ಆ 0.374 ಜನವನ್ನು ಮರುದಿನದ ಸಾಲಿಗೆ ತೆಗೆದುಕೊಂಡು ಹೋಗಿ ಅದರಿಂದಲೂ ಸೋಂಕು ಹರಡಿಸುತ್ತದೆ. ನಿಜ ಜೀವನದಲ್ಲಿ ಆ ದಿನ ಒಬ್ಬರಿಗೆ ತಗಲಬಹುದು, ಇಬ್ಬರಿಗೆ ತಗಲಬಹುದು, ಬಹುಪಾಲು ಯಾರಿಗೂ ತಗಲುವುದಿಲ್ಲ. ಒಬ್ಬನಿಂದ ಶುರುವಾದ ಸೋಂಕು ಆರ್ 1.5 ಇದ್ದಾಗಲೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಸಲ ದೊಡ್ಡದಾಗದೆ ನಂದಿಹೋಗುತ್ತದೆ. ಒಂದು ಕೋಟಿ ಜನರ ನಗರದಲ್ಲಿ ಈ ಅದೃಷ್ಟದ ಆಟ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. 320 ಜನರಲ್ಲಿ ಅದೇ ಮುಖ್ಯ ಪಾತ್ರಧಾರಿ. ಆದ್ದರಿಂದ ಸಣ್ಣ ಸಮುದಾಯಕ್ಕೆ ಒಂದೇ ನುಣುಪಾದ ಗೆರೆ ಎಳೆಯುವ ಮಾದರಿ ಹೊಂದುವುದಿಲ್ಲ.

ಬಿ, ಡಿ ವಿಂಗಿಗೆ ಏಕೆ ಬರಲಿಲ್ಲ ಎಂಬುದಕ್ಕೆ ಹಳೆಯ ಲೆಕ್ಕವೊಂದು ತುಂಬ ಚೆನ್ನಾಗಿ ಉತ್ತರ ಹೇಳುತ್ತದೆ. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದ ಮೆಕೆಂಡ್ರಿಕ್ ಎಂಬ ವೈದ್ಯರು 1926ರಲ್ಲಿ ಭಾರತದ ಒಂದು ಹಳ್ಳಿಯ ಕಾಲರಾ ಲೆಕ್ಕವನ್ನು ಪ್ರಕಟಿಸಿದರು. 223 ಮನೆ. 168 ಮನೆಗಳಲ್ಲಿ ಯಾರಿಗೂ ಇಲ್ಲ, 32ರಲ್ಲಿ ತಲಾ ಒಬ್ಬರು, 16ರಲ್ಲಿ ಇಬ್ಬರು, 6ರಲ್ಲಿ ಮೂವರು, ಒಂದರಲ್ಲಿ ನಾಲ್ವರು. ಕಾಲರಾ ವೈರಸ್ಸಿನದಲ್ಲ, ಬ್ಯಾಕ್ಟೀರಿಯಾದ್ದು, ಆದರೆ ಇಲ್ಲಿಯ ತರ್ಕ ಎರಡಕ್ಕೂ ಒಂದೇ. ಕಾಯಿಲೆ ಬಂದ 55 ಮನೆಗಳಲ್ಲಿ ಒಂದು, ಎರಡು, ಮೂರು ಎಂಬ ಹಂಚಿಕೆ ಹೇಗಿದೆ ಎಂದು ನೋಡಿ, ರೋಗದ ಕೈಗೆ ನಿಜವಾಗಿ ಸಿಕ್ಕಿದ್ದ ಮನೆ ಸುಮಾರು 93 ಇರಬೇಕು ಎಂದು ಅವರು ಲೆಕ್ಕ ಹಾಕಿದರು. ಅಂದರೆ 168 ಮನೆಗಳಲ್ಲಿ ರೋಗದ ಎದುರು ನಿಂತೂ ಪಾರಾದವು ಮೂವತ್ತೇಳು, ಮೂವತ್ತೆಂಟು. ಉಳಿದ 130 ಮನೆಗಳ ಹತ್ತಿರ ಅದು ಸುಳಿದೇ ಇರಲಿಲ್ಲ. ನಿಮ್ಮ ಬಿ, ಡಿ ವಿಂಗುಗಳದು ಹೆಚ್ಚಾಗಿ ಇದೇ ಕಥೆ. ಎ ಮತ್ತು ಸಿ ವಿಂಗಿಗೆ ಮಾತ್ರ ಸಮಾನವಾದದ್ದು ಏನು? ಒಂದೇ ಟ್ಯೂಷನ್ ಕ್ಲಾಸೇ, ಒಂದೇ ಶಾಲಾ ವ್ಯಾನೇ, ಎರಡೂ ಕಡೆ ಕೆಲಸ ಮಾಡುವ ಒಬ್ಬರೇ ಮನೆಗೆಲಸದವರೇ? ಅದನ್ನು ಕೇಳಿಕೊಂಡರೆ ಹತ್ತು ಗ್ರಾಫಿಗಿಂತ ಹೆಚ್ಚು ತಿಳಿಯುತ್ತದೆ. ಕೇಳುವುದು ದಾರಿ ತಿಳಿಯಲು, ಯಾರ ಮೇಲೂ ಬೆರಳು ತೋರಿಸಲು ಅಲ್ಲ.

‘ಬರುವಷ್ಟು ಬಂತು, ಎಲ್ಲರಿಗೂ ಶಕ್ತಿ ಬಂದಿದೆ’ ಎಂಬ ಮಾತು ತಪ್ಪೆಂದು ಇದರಿಂದಲೇ ಗೊತ್ತಾಗುತ್ತದೆ. 41 ಎಂದರೆ 320ರಲ್ಲಿ ಶೇ. 13. ಬಿ, ಡಿ ವಿಂಗಿನ ಹೆಚ್ಚಿನವರಿಗೆ ಈ ಸಲದ ವೈರಸ್ಸಿನ ಪರಿಚಯವೇ ಆಗಿರಲಿಕ್ಕಿಲ್ಲ.

ಆದರೆ 41 ಕೂಡ ಸೋಂಕಿನ ಸಂಖ್ಯೆಯಲ್ಲ, ಗ್ರೂಪಿನಲ್ಲಿ ಹೇಳಿಕೊಂಡವರ ಸಂಖ್ಯೆ. ಫ್ಲೂ ತಗಲಿದವರಲ್ಲಿ ಎಷ್ಟೋ ಜನಕ್ಕೆ ಜ್ವರವೇ ಬರುವುದಿಲ್ಲ, ಬಂದರೂ ಒಂದು ಗುಳಿಗೆ ನುಂಗಿ ಲೋಕಲ್ ಹಿಡಿಯುತ್ತಾರೆ. ಮುಂಬಯಿಯಲ್ಲೇ ಇದರ ಕಣ್ಣು ತೆರೆಸುವ ಉದಾಹರಣೆ ಇದೆ. 2020ರ ಜುಲೈನಲ್ಲಿ ಮಹಾನಗರಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮಾಟುಂಗಾ, ಚೆಂಬೂರ್ ಪಶ್ಚಿಮ, ದಹಿಸರ್ ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದವು. ಕೊಳೆಗೇರಿಗಳಲ್ಲಿ ಶೇ. 57 ಜನಕ್ಕೆ, ಉಳಿದ ಕಡೆ ಶೇ. 16 ಜನಕ್ಕೆ ಆಗಲೇ ಕೊರೊನಾ ತಗಲಿ ಹೋಗಿತ್ತು. ಆ ಹೊತ್ತಿಗೆ ಇಡೀ ನಗರದ ದಾಖಲೆಯಲ್ಲಿದ್ದ ರೋಗಿಗಳು ಲಕ್ಷದ ಆಸುಪಾಸು, ಅಂದರೆ ಜನಸಂಖ್ಯೆಯ ಶೇ. 1ರಷ್ಟು. ಒಂದೇ ವಾರ್ಡು, ರಸ್ತೆಯ ಈ ಬದಿ, ಆ ಬದಿ, ಇಷ್ಟು ಅಂತರ. ‘ಮುಂಬಯಿಗೆ ಆರ್ ಇಷ್ಟು’ ಎಂದು ಒಂದೇ ಸರಾಸರಿ ಹಾಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಇಂಥ ಅಂತರವನ್ನು ಹಿಡಿಯಬಲ್ಲ ಬೇರೆ ಬಗೆಯ ಮಾದರಿಯೊಂದನ್ನು ಟಾಟಾ ಸಂಸ್ಥೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ಕಟ್ಟಿದ್ದರು. ಮುಂಬಯಿಯ ಸುಮಾರು 1.24 ಕೋಟಿ ಜನರನ್ನೂ ಕಂಪ್ಯೂಟರಿನೊಳಗೆ ಬಿಡಿಬಿಡಿಯಾಗಿ ಇಟ್ಟು, ಪ್ರತಿಯೊಬ್ಬರಿಗೂ ಮನೆ, ಶಾಲೆ ಅಥವಾ ಕೆಲಸದ ಜಾಗ ಕೊಟ್ಟು, ಕೊಳೆಗೇರಿಯನ್ನೂ ಲೋಕಲ್ ರೈಲನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದು.

‘ಗ್ರಾಫ್ ಹೊಂದಿತು, ಆದ್ದರಿಂದ ಮಾದರಿ ಸರಿ’ ಎಂಬುದು ಇನ್ನೊಂದು ಭ್ರಮೆ, ಓದಿದವರಲ್ಲೇ ಹೆಚ್ಚು. ಎಸ್‌ಐಆರ್ ಹುಟ್ಟಿದ್ದೇ ಮುಂಬಯಿಯ ಅಂಕಿ ಅಂಶದ ಜೊತೆಗೆ ಎನ್ನಬಹುದು. ಇದೇ ಮೆಕೆಂಡ್ರಿಕ್, ಕೆರ್ಮ್ಯಾಕ್ ಎಂಬ ವಿಜ್ಞಾನಿಯೊಡನೆ 1927ರಲ್ಲಿ ಬರೆದ ಪ್ರಬಂಧದಲ್ಲಿ, 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಬಾಂಬೆಯಲ್ಲಿ ಪ್ಲೇಗಿನಿಂದ ವಾರವಾರ ಸತ್ತವರ ಲೆಕ್ಕವನ್ನು ಸಮೀಕರಣಕ್ಕೆ ಹೊಂದಿಸಿ ತೋರಿಸಿದರು. ಗಂಟೆಯಾಕಾರದ ಗೆರೆ ಚುಕ್ಕೆಗಳ ಮೇಲೆ ಚಂದವಾಗಿ ಕೂತಿತು. ಆದರೆ ಆ ಪ್ಲೇಗ್ ಹರಡುತ್ತಿದ್ದದ್ದು ಇಲಿಗಳ ಚಿಗಟಗಳಿಂದ, ಮತ್ತು ಪ್ರತಿವರ್ಷ ಬೇಸಿಗೆಯ ಹೊತ್ತಿಗೆ ಇಳಿಯುತ್ತಿತ್ತು. ಇಳಿತಕ್ಕೆ ಋತುವಿನ ಕೈವಾಡ ದೊಡ್ಡದಿತ್ತು, ಸಮೀಕರಣದಲ್ಲಿ ಋತುವೇ ಇರಲಿಲ್ಲ. ಗೆರೆ ಹೊಂದಿದ ಮಾತ್ರಕ್ಕೆ ಕಾರಣ ಹೊಂದಿತು ಎಂದಲ್ಲ. ಹಾಗೆಯೇ 2021ರ ಎರಡನೆಯ ಅಲೆ ಅನೇಕ ಲೆಕ್ಕಗಳನ್ನು ಮೀರಿ ಬಂದದ್ದಕ್ಕೆ ದೊಡ್ಡ ಕಾರಣ ಡೆಲ್ಟಾ ತಳಿ. ಸಮೀಕರಣದೊಳಗೆ ಇಲ್ಲದ ವೈರಸ್ ಸಮೀಕರಣದಿಂದ ಹೊರಗೆ ಬರುವುದಿಲ್ಲ.

ಇದೇ ಕಾರಣಕ್ಕೆ, ಮುಂದಿನ ಸಲ ಜ್ವರ ಬಂದಾಗ ಮೊದಲು ಅದು ಯಾವ ಜ್ವರವೆಂದು ಖಚಿತ ಮಾಡಿಕೊಳ್ಳಿ. ಡೆಂಗಿಯಾದರೆ ಮಗಳ ಹಾಳೆ ಪೂರ್ತಿ ಬದಿಗಿಡಬೇಕು. ಅದು ಮನುಷ್ಯನಿಂದ ಸೊಳ್ಳೆಗೆ ಹೋಗಿ, ಸೊಳ್ಳೆಯೊಳಗೆ ಎಂಟರಿಂದ ಹನ್ನೆರಡು ದಿನ ಬೆಳೆದು, ಮತ್ತೆ ಮನುಷ್ಯನಿಗೆ ಬರುತ್ತದೆ. ಅಲ್ಲಿ ಎಣಿಸಬೇಕಾದದ್ದು ಹಸ್ತಲಾಘವವನ್ನಲ್ಲ, ಟೆರೇಸಿನ ಟಾಂಕಿ, ಕುಂಡದ ತಟ್ಟೆ, ಎಸಿ ನೀರಿನ ಬಕೆಟನ್ನು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಆ ವೈರಸ್ಸನ್ನು ಗುರುತಿಸಿದ್ದು ಪುಣೆಯ ಸಂಸ್ಥೆ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅದು ಉಣ್ಣೆಹುಳದಿಂದ ಮನುಷ್ಯನಿಗೆ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹೋಗುವುದಿಲ್ಲ. ಊರೊಳಗಿನ ಆರ್ ಅಲ್ಲಿ ಸೊನ್ನೆ, ಆದರೂ ಪ್ರತಿ ಬೇಸಿಗೆ ಜನ ಬೀಳುತ್ತಾರೆ.

ಮಗಳು ಮಾದರಿಯನ್ನು ಮತ್ತೆ ಕಟ್ಟುವುದಾದರೆ ಹೀಗೆ ಕಟ್ಟಲಿ. ಒಬ್ಬೊಬ್ಬ ನಿವಾಸಿಗೆ ಒಂದು ಸಾಲು: ವಿಂಗ್, ಮನೆ (ಹೆಸರು ಬೇಡ, ಸಂಕೇತ ಸಾಕು), ವಯಸ್ಸಿನ ಗುಂಪು, ದಿನಾ ಹೊರಗೆ ಹೋಗುತ್ತಾರೋ ಇಲ್ಲವೋ. ಸಂಪರ್ಕ ಮೂರು ಬಗೆ: ಮನೆಯೊಳಗೆ, ವಿಂಗಿನೊಳಗೆ, ಇಡೀ ಸೊಸೈಟಿಯಲ್ಲಿ. ಪ್ರತಿಯೊಂದಕ್ಕೂ ದಿನದ ಸಂಭವನೀಯತೆ ಬೇರೆ. ಇಲ್ಲಿ ಹೊಸಬರು ಬೀಳುವ ಹಳ್ಳ ಒಂದಿದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ತಗಲುವ ಸಾಧ್ಯತೆ ಶೇ. 15 ಎಂದಿಟ್ಟುಕೊಳ್ಳೋಣ. ಅದು ಕಾಯಿಲೆಯ ನಾಲ್ಕೂ ದಿನ ಸೇರಿ. ಅದನ್ನೇ ದಿನದ ಅಂಕಿಯಾಗಿ ಹಾಕಿದರೆ ನಾಲ್ಕು ದಿನಕ್ಕೆ ಶೇ. 48 ಆಗಿಬಿಡುತ್ತದೆ. ಹಾಕಬೇಕಾದದ್ದು ದಿನಕ್ಕೆ ಶೇ. 4. ಅಂಕಿ ಏಕೋ ವಿಪರೀತ ಬರುತ್ತಿದೆ ಅನ್ನಿಸಿದಾಗ ನಾವು ಮೊದಲು ತಡವುವುದು ಇದನ್ನೇ.

ಎರಡನೆಯದಾಗಿ, ನಿಮ್ಮ ಸೊಸೈಟಿಗೆ ಗೇಟ್ ಇದೆ, ಸೋಂಕಿಗೆ ಇಲ್ಲ. 110 ಜನ ದಿನಾ ಲೋಕಲ್‌ನಲ್ಲಿ ಹೋಗಿ ಬರುತ್ತಾರೆ ಎಂದಿಟ್ಟುಕೊಳ್ಳಿ, ಪ್ರತಿಯೊಬ್ಬರೂ ಸೋಂಕು ಹೊತ್ತು ತರುವ ಸಾಧ್ಯತೆ ದಿನಕ್ಕೆ ಸಾವಿರದಲ್ಲಿ ಒಂದು ಎಂದು ಹಾಕಿದರೂ ಒಂಬತ್ತು ದಿನಕ್ಕೊಂದು ಹೊಸ ಕಿಡಿ ಒಳಗೆ ಬರುತ್ತದೆ. ಒಂದು ಕಿಡಿ ನಂದಿದ್ದಕ್ಕೆ ನಿಶ್ಚಿಂತರಾಗಬಾರದು ಎಂಬುದು ಇದರಿಂದಲೇ. ಮೂರನೆಯದಾಗಿ, ದಿನದಿನದ ತೀರ್ಮಾನವನ್ನು ಕಂಪ್ಯೂಟರ್ ದಾಳ ಹಾಕಿದಂತೆ ಮಾಡಲಿ, ಇಡೀ ಲೆಕ್ಕವನ್ನು 500 ಸಲ ಓಡಿಸಲಿ. ಉತ್ತರವನ್ನು ‘255’ ಎಂದು ಕೊಡದೆ, ‘500ರಲ್ಲಿ ಇಷ್ಟು ಸಲ ಹತ್ತು ಜನರೊಳಗೇ ಮುಗಿಯಿತು, ಇಷ್ಟು ಸಲ ನೂರು ದಾಟಿತು’ ಎಂದು ಕೊಡಲಿ. ಜುಲೈನ 41 ಆ ಹರವಿನ ಒಳಗೆ ಬೀಳುತ್ತದೆಯೇ ಎಂಬುದೇ ಮೊದಲ ಪರೀಕ್ಷೆ. ಬೀಳದಿದ್ದರೆ ಮುಂದೆ ಹೋಗಬೇಡಿ.

ಈಗ ಹಬ್ಬ. ಇಂಥ ಜಾಗದಲ್ಲಿ ಮಾದರಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಏಕೆಂದರೆ ಇಲ್ಲಿ ಬೇಕಾದದ್ದು ಭವಿಷ್ಯವಲ್ಲ, ಎರಡು ದಾರಿಗಳ ಹೋಲಿಕೆ. ಉದಾಹರಣೆಗೆ ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಆರ್ 1.5ರಲ್ಲಿ ಮನೆಯ ಪಾಲು 0.5, ಶಾಲೆ, ಆಫೀಸು, ಲೋಕಲ್ ಸೇರಿ 0.6, ಸೊಸೈಟಿಯೊಳಗಿನ ಒಡನಾಟ 0.4. ಮುಚ್ಚಿದ ಹಾಲ್‌ನಲ್ಲಿ ಐದು ಸಂಜೆ ಆರತಿ, ಊಟ, ಮಕ್ಕಳ ಸ್ಪರ್ಧೆ ನಡೆದರೆ ಆ 0.4 ಎರಡು ಪಟ್ಟಾಗಿ ಒಟ್ಟು 1.9. ಕಾರ್ಯಕ್ರಮ ರದ್ದು ಮಾಡಿದರೆ ಮತ್ತೆ 1.5, ಅದಕ್ಕಿಂತ ಕೆಳಗಲ್ಲ, ಉಳಿದ ಬದುಕು ನಡೆದೇ ಇರುತ್ತದೆ.

ಕಾರ್ಯಕ್ರಮ ಇಟ್ಟುಕೊಂಡೇ, ಜ್ವರ ಬಂದವರು ಮನೆಯಲ್ಲಿ ಉಳಿದರೆ? ಫ್ಲೂ ಲಕ್ಷಣಕ್ಕೆ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ, ಆ ದಿನವನ್ನು ಯಾರೂ ತಡೆಯಲಾರರು. ‘ಮಳೆಯಲ್ಲಿ ನೆನೆದದ್ದಕ್ಕೆ ಇರಬೇಕು’ ಎಂದು ಇನ್ನೊಂದು ದಿನ ಹೋಗುತ್ತದೆ. ನಾಲ್ಕರಲ್ಲಿ ಎರಡು ದಿನ ಉಳಿಸಿದರೂ ಹೊರಗಿನ 0.6 ಎಂಬುದು 0.3, ಹಾಲ್‌ನ 0.8 ಎಂಬುದು 0.4, ಮನೆಯ 0.5 ಸೇರಿ ಒಟ್ಟು 1.2. ರದ್ದು ಮಾಡಿದ್ದಕ್ಕಿಂತ ಕಡಿಮೆ! ಅದರ ಮೇಲೆ ಹಾಲ್ ಬಿಟ್ಟು ಅಂಗಳದಲ್ಲಿ, ಮೇಲೆ ತಾಡಪಾಲು, ನಾಲ್ಕು ಬದಿ ಗಾಳಿ ಬಿಟ್ಟು ಮಂಟಪ ಹಾಕಿದರೆ 0.4 ಅರ್ಧವಾಗಿ ಒಟ್ಟು 1.0. ನಿಮ್ಮಲ್ಲಿ ನಾಲ್ಕರಲ್ಲೊಬ್ಬರಿಗೆ ರಕ್ಷಣೆ ಇದೆ ಎಂದು ಸೇರಿಸಿದರೆ ಅದು 0.75. ನನ್ನ 0.5, 0.6ಗಳನ್ನು ಮಗಳು ಬದಲಾಯಿಸಿ ನೋಡಲಿ. ಸಂಖ್ಯೆಗಳು ಬದಲಾಗುತ್ತವೆ. ಹೊರಗಿನ ಮತ್ತು ಹಾಲ್‌ನ ಪಾಲು ದೊಡ್ಡದಿರುವವರೆಗೆ ದಾರಿಗಳ ಮೇಲು ಕೀಳು ಬದಲಾಗುವುದಿಲ್ಲ.

ಪ್ರತಿ ದಾರಿಗೂ ಅದರದೇ ಅಪಾಯ ಇದೆ. ಕಾಯಿಲೆಯವರು ಮನೆಯಲ್ಲೇ ಉಳಿದರೆ ಮನೆಯೊಳಗಿನ ಪಾಲು ಹೆಚ್ಚುತ್ತದೆ. ಒಂದು ಕೋಣೆ, ಅಡುಗೆಮನೆಯ ಮನೆಯಲ್ಲಿ ಅಜ್ಜಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? 0.5 ಎಂಬುದು 0.6 ಆದರೂ ಒಟ್ಟು ರದ್ದಿಗಿಂತ ಕೆಳಗೇ ಇರುತ್ತದೆ, ಆದರೆ ಆ ಭಾರ ಹಿರಿಯರ ಮೇಲೆ ಬೀಳುತ್ತದೆ. ಕಿಟಕಿ ತೆರೆದಿಡಿ, ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಹಾಕಲಿ. ಎಲ್ಲಕ್ಕಿಂತ ದೊಡ್ಡ ಅಪಾಯ ಪ್ಯಾರಸಿಟಮಾಲ್ ನುಂಗಿ ಆರತಿಗೆ ಬರುವುದು. ಜ್ವರ ಇಳಿದಿರುತ್ತದೆ, ವೈರಸ್ ಇಳಿದಿರುವುದಿಲ್ಲ, ಮೇಲಿನ ಲೆಕ್ಕವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಔಷಧಿ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆದಮೇಲೆ ಬನ್ನಿ ಎಂದು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಜೊತೆಗೆ ಪ್ರಸಾದವನ್ನು ಮನೆಗೆ ಕಳಿಸುವ ಏರ್ಪಾಡು ಮಾಡಿ. ಪ್ರಸಾದ ತಪ್ಪುವುದಿಲ್ಲ ಎಂದು ಗೊತ್ತಾದರೆ ಜನ ಹೆಚ್ಚು ಸುಲಭವಾಗಿ ಮನೆಯಲ್ಲಿ ಉಳಿಯುತ್ತಾರೆ.

ಲಸಿಕೆ ಹಾಕಿಸಿದರೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಹಬ್ಬಕ್ಕೆ ಅಷ್ಟು ಸಮಯ ಉಳಿದಿದ್ದರೆ 60 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶದ ತೊಂದರೆ ಇರುವವರು ತಮ್ಮ ವೈದ್ಯರನ್ನು ಈಗಲೇ ಕೇಳಲಿ. ಇವರಿಗೇ ಜ್ವರ ಬಂದರೆ ಕಾಯಬಾರದು, ಫ್ಲೂ ವಿರುದ್ಧದ ಔಷಧಿ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರುಮಾಡಿದಾಗ. ಉಸಿರಾಟ ಕಷ್ಟವಾದರೆ, ಮಂಪರು ಕವಿದರೆ ನೇರ ಆಸ್ಪತ್ರೆಗೆ.

ಇವತ್ತೇ ಶುರು ಮಾಡಬೇಕಾದ ಕೆಲಸ ಒಂದಿದೆ: ಜ್ವರ ಬಂದವರ ಪಟ್ಟಿ. ಅದನ್ನು ವಾಚ್‌ಮನ್ ಕೋಣೆಯ ವಹಿಯಲ್ಲಿ ಇಡಬೇಡಿ, ಅಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಮಿಟಿಯ ಒಬ್ಬರ ಫೋನಿನಲ್ಲಿ ಇರಲಿ. ವಿಂಗ್, ವಯಸ್ಸು, ಜ್ವರ ಶುರುವಾದ ದಿನ, ಇಷ್ಟೇ. ಹೇಳಿದ ದಿನವಲ್ಲ, ಶುರುವಾದ ದಿನ. ಜನ ಎರಡು ಮೂರು ದಿನ ತಡವಾಗಿ ಹೇಳುವುದರಿಂದ ಪಟ್ಟಿಯ ಕೊನೆಯ ಮೂರು ದಿನ ಯಾವಾಗಲೂ ಕಾಯಿಲೆ ಇಳಿದಂತೆ ಕಾಣುತ್ತದೆ. ಆ ಮೂರು ದಿನವನ್ನು ಬಿಟ್ಟು ಮಗಳು ಗೆರೆ ಎಳೆಯಲಿ.